ಸುಗುಣಾ ಟೀಚರ್ ಹೇಳಿಕೊಟ್ಟ ‘ದೀಜಿಯೇ’

ಉಪ್ಪಿನಕಾಯಿಗೆಂದು ತಂದ ಮಾವಿನಕಾಯಿಗಳನ್ನು ತೊಳೆದು, ಒರೆಸಿ, ಈಳಿಗೆಮಣೆಯ ಮುಂದೆ ಕೂತಿದ್ದೆ. ಅರ್ಧ ಬುಟ್ಟಿ ಹೆಚ್ಚಿ ಆಗಿತ್ತು. ಅಷ್ಟರಲ್ಲಿ ಮುಳಬಾಗಿಲಿನಿಂದ ಫೋನ್ ಬಂತು. ಸುಗುಣಾ ಟೀಚರ ತಮ್ಮನ ಸೊಸೆ ಮಂಜುಳ.

“ಅಕ್ಕಾ, ದೊಡ್ಡತ್ತೆ ಹೋಗ್ಬಿಟ್ರು. ನಿದ್ದೇಲೇ.”

ನಿದ್ದೆಯಲ್ಲೇ ಹೋದರಲ್ಲ, ಅದೊಂದು ದೇವರ ದಯೆ ಅಂದುಕೊಂಡೆ. ಹೆಚ್ಚಿದ ಹೋಳುಗಳಿಗೆ ಉಪ್ಪು ಕಲಸಿ ಜಾಡಿಗೆ ತುಂಬಿ ಬಟ್ಟೆ ಕಟ್ಟಿಟ್ಟು ಶ್ರೀನಿವಾಸಪುರದ ಬಸ್ ಸ್ಟ್ಯಾಂಡಿಗೆ ಓಡಿದೆ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿತು, ಅದೂ ಒಂದು ದಯೆ. ಅಳುವುದನ್ನು ಯಾರೂ ನೋಡಲಿಲ್ಲ. ಆ ಪುಣ್ಯಾತ್ಮಳು ಇಲ್ಲದಿದ್ದರೆ ನನ್ನ ಮಗಳ ಬಾಣಂತನ ನನ್ನ ಕೈಯಲ್ಲಿ ಆಗುತ್ತಿರಲಿಲ್ಲ.

ರಾಯಲ್ಪಾಡು ಕಡೆಯ ನಮ್ಮ ಹೈಸ್ಕೂಲಿಗೆ ಅವರು ಹಿಂದಿ ಟೀಚರಾಗಿ ಬಂದವರು. ಇಂಗ್ಲಿಷಿಗೆ ಮೇಷ್ಟ್ರು ಇರಲಿಲ್ಲವೆಂದು ಅದನ್ನೂ ಇವರ ತಲೆಗೆ ಕಟ್ಟಿದರು. ಮನೆಮಾತು ತೆಲುಗು, ಕನ್ನಡವನ್ನೂ ತೆಲುಗಿನ ರಾಗದಲ್ಲೇ ಆಡುವರು. ಇಂಗ್ಲಿಷ್ ಪದಕ್ಕೆ ಅರ್ಥ ಕೇಳಿದರೆ ಅವರ ಬಾಯಿಗೆ ಮೊದಲು ಬರುತ್ತಿದ್ದುದು ಹಿಂದಿ. ನಾವೂ ಹಾಗೇ ಕಲಿತೆವು. ಪರೀಕ್ಷೆಯಲ್ಲಿ ‘ಗಿವ್’ ಎಂಬುದಕ್ಕೆ ಕನ್ನಡ ಅರ್ಥ ಕೇಳಿದ್ದರೆ ಇಡೀ ಕ್ಲಾಸು ‘ದೇನಾ’ ಎಂದು ಬರೆದಿಟ್ಟಿತ್ತು. ಹೆಡ್‌ಮೇಷ್ಟ್ರು ಕರೆಸಿ ಕೇಳಿದರಂತೆ, “ಏನಮ್ಮಾ ಇದು?” ಇವರು ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕು, “ತಪ್ಪೇನಿಲ್ಲ ಸಾರ್, ಒಂದು ಭಾಷೆ ಜಾಸ್ತಿ ಕಲ್ತವ್ರೆ ಅಷ್ಟೇ” ಅಂದರಂತೆ.

ಕ್ರಿಯಾಪದವನ್ನು ಬರೀ ಬಾಯಲ್ಲಿ ಹೇಳಿದರೆ ಅವರಿಗೆ ಆಗುತ್ತಿರಲಿಲ್ಲ. ಮಾಡಿ ತೋರಿಸಬೇಕು. ‘ಗಿವ್’ ಪಾಠದ ದಿನ ಎಲ್ಲರೂ ಮನೆಯಿಂದ ಏನಾದರೂ ತರಬೇಕಿತ್ತು. ನಾನು ಹುಣಸೆಹಣ್ಣು ಒಯ್ದಿದ್ದೆ. ಪಕ್ಕದವಳ ಅಂಗೈಗೆ ಎಸೆದಂತೆ ಹಾಕಿದೆ, ಅದು ನೆಲಕ್ಕೆ ಬಿತ್ತು. ಟೀಚರು ಬಂದು ನನ್ನ ಮಣಿಕಟ್ಟು ಹಿಡಿದರು.

“ಏಮೇ ಪಾರ್ವತಿ, ಕೋಳಿಗೆ ಕಾಳು ಹಾಕ್ತಿದ್ದೀಯಾ? ಅವ್ಳ ಕೈ ಮುಚ್ಚೋವರ್ಗೂ ನಿನ್ ಕೈ ತೆಗೀಬಾರ್ದು. ಆಗ್ಲೇ ಕೊಟ್ಟಂಗೆ.”

ಮಣ್ಣಾಗಿದ್ದ ಹುಣಸೆಹಣ್ಣನ್ನು ತೊಳೆಸಿ, ಮತ್ತೆ ಕೊಡಿಸಿದರು. ಆಮೇಲೆ ತಾವೂ ಒಂದು ಚೂರು ಬಾಯಿಗೆ ಹಾಕಿಕೊಂಡು ಕಣ್ಣು ಮುಚ್ಚಿದರು.

ಮದುವೆಯಾಗಿ ಶ್ರೀನಿವಾಸಪುರಕ್ಕೆ ಬಂದ ಮೇಲೆ ನನಗೆ ಹಿಂದಿ ಯಾಕೆ ಬೇಕು? ಇದ್ದಬದ್ದದ್ದೂ ಮರೆತೆ. ಮಗಳು ಲತಾಳನ್ನು ಮಿಲಿಟರಿಯವರಿಗೆ ಕೊಟ್ಟೆವು. ದೂರದ ಪಂಜಾಬಿನ ಕಡೆ ಕ್ವಾರ್ಟರ್ಸು. ಬಸುರಿ ಪ್ರಯಾಣ ಮಾಡಕೂಡದೆಂದು ಡಾಕ್ಟರು ಹೇಳಿದರು. ನಾನೇ ಹೋಗಬೇಕು. ನಮ್ಮನೆಯವರು ತರಕಾರಿ ಮಂಡಿಯಲ್ಲಿ ಕೆಲಸಕ್ಕಿರುವವರು, ತಿಂಗಳುಗಟ್ಟಲೆ ಬಿಟ್ಟು ಬರುವಂತಿಲ್ಲ. ಭಾಷೆ ಬಾರದ ಊರಿನಲ್ಲಿ ಹಸೀ ಬಾಣಂತಿಯನ್ನೂ ಕೂಸನ್ನೂ ಇಟ್ಟುಕೊಂಡು ಏನು ಮಾಡಲಿ ಎಂದು ಅನ್ನ ಸೇರಲಿಲ್ಲ. ದೇವರ ಮುಂದೆ ಕೈ ಮುಗಿದು ಕೂತಾಗ ಟೀಚರ ನೆನಪಾಯಿತು. ಮುಳಬಾಗಿಲಿಗೆ ಹೋದೆ.

ರಿಟೈರಾಗಿ ತಮ್ಮನ ಮನೆಯಲ್ಲಿದ್ದರು. ತಲೆ ಪೂರ್ತಿ ಬೆಳ್ಳಗೆ, ಮುಡಿಯಲ್ಲಿ ಅದೇ ಕನಕಾಂಬರ. ಅವರೆಕಾಯಿ ಸುಲಿಯುತ್ತಿದ್ದವರು ನನಗೂ ಒಂದು ಮೊರ ತಳ್ಳಿದರು.

“ಟೀಚರ್, ಅಕ್ಷರದಿಂದ ಶುರು ಮಾಡ್ಲಾ?”

“ಅಕ್ಷರ ತಿದ್ದುತ್ತಾ ಕೂತ್ರೆ ಮೊಮ್ಮಗು ನಡಿಯಕ್ಕೇ ಕಲ್ತಿರತ್ತೆ ಕಣೇ. ಒಂದೇ ಒಂದು ತಗೊಂಡು ಹೋಗು. ದೇನಾ. ಮಗೂಗೆ ಹೇಳೋವಾಗ ದೇ, ಸಲಿಗೆಯವ್ರಿಗೆ ದೋ, ದೊಡ್ಡೋರ್ಗೆ, ಗುರ್ತಿಲ್ದೋರ್ಗೆ ದೀಜಿಯೇ. ನಿಂಗೆ ದೀಜಿಯೇ ಸಾಕು. ಪಾನೀ ದೀಜಿಯೇ, ದೂಧ್ ದೀಜಿಯೇ. ತೋರ್ಸಿ ಅನ್ನೋಕೆ ದಿಖಾ ದೀಜಿಯೇ, ಹೇಳಿ ಅನ್ನೋಕೆ ಬತಾ ದೀಜಿಯೇ. ಯಾವ ಗಾಡಿಗೆ ಕಟ್ಟಿದ್ರೂ ಎಳ್ಯೋ ಎತ್ತು ಅದು.”

“ಗಂಡನಿಗೆ ಏನಂತಾರೆ ಟೀಚರ್? ದೀಜಿಯೇನಾ?”

“ಏನಂದ್ರೂ ಕಿವಿಗೆ ಹಾಕ್ಕೊಳಲ್ಲ, ಬಿಡು. ಸುಮ್ನೆ ಯಾಕೆ ವೇಸ್ಟು?”

ಒಳಗಿನಿಂದ ಮಂಜುಳ ಕಿಸಕ್ಕೆಂದಳು. ಹೊರಡುವಾಗ ಭಯ ಪೂರ್ತಿ ಹೋಗಿರಲಿಲ್ಲ. ಆದರೆ ಹಿಡಿದುಕೊಳ್ಳಲು ಒಂದು ಕೋಲು ಸಿಕ್ಕಂತಾಗಿತ್ತು.

ಲತಾಳಿಗೆ ಹೆಣ್ಣುಮಗು ಆಯಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅಳಿಯಂದಿರು ಡ್ಯೂಟಿಗೆ ಹೊರಟರು. ಒಂದು ಬೆಳಿಗ್ಗೆ ಬಾಣಂತಿಗೆ ಎಣ್ಣೆ ಹಚ್ಚಿ ಕೂರಿಸಿದ್ದೇನೆ, ನೀರು ಕಾಯುವ ಮೊದಲೇ ಗ್ಯಾಸು ಮುಗಿಯಿತು. ಹೊರಗೆ ಚಳಿಗಾಳಿ, ಕೂಸು ಕಿರುಚುತ್ತಿದೆ, ಮಗಳು ನಡುಗುತ್ತಿದ್ದಾಳೆ. ಪಕ್ಕದ ಮನೆಯಾಕೆಯ ಮುಖವನ್ನು ಮೆಟ್ಟಿಲಲ್ಲಿ ನೋಡಿದ್ದು ಬಿಟ್ಟರೆ ಪರಿಚಯವಿಲ್ಲ. ಹೋಗಿ ಬಾಗಿಲು ಬಡಿದೆ.

“ಬೆಹೆನ್‌ಜೀ, ಗರಮ್ ಪಾನೀ ದೀಜಿಯೇ.”

ಆಕೆ ಏನೇನೋ ಕೇಳಿದಳು. ನನಗೆ ತಿಳಿದದ್ದು ಅಷ್ಟೇ, ಅದನ್ನೇ ಮತ್ತೆ ಹೇಳಿದೆ. ನನ್ನ ಎಣ್ಣೆಗೈ ನೋಡಿದಳು, ಕೂಸಿನ ಅಳು ಕೇಳಿಸಿಕೊಂಡಳು. ತನ್ನ ಮನೆಯಲ್ಲಿ ಸ್ನಾನಕ್ಕೆಂದು ಕಾಯಿಸಿದ್ದ ನೀರಿನ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ನಮ್ಮ ಬಚ್ಚಲವರೆಗೂ ತಂದಳು. ನನ್ನ ಕೈ ಜಾರುತ್ತಿದ್ದುದು ಕಂಡು, ನಾನು ಗಟ್ಟಿಯಾಗಿ ಹಿಡಿಯುವವರೆಗೂ ಪಾತ್ರೆ ಬಿಡಲಿಲ್ಲ. ಆಕೆಗೆ ಯಾವ ಟೀಚರು ಕಲಿಸಿದ್ದರೋ. ಮಾರನೆಯ ದಿನ ಬಾಣಂತಿಗೆಂದು ಅಂಟಿನ ಉಂಡೆ ಮಾಡಿ ತಂದಳು. ಬಾಣಂತನ ಮುಗಿಸಿ ನಾನು ಹೊರಟಾಗ ಇನ್ನೊಂದು ಡಬ್ಬಿ ಕಟ್ಟಿಕೊಟ್ಟಳು.

ಊರಿಗೆ ಬಂದವಳೇ ಆ ಡಬ್ಬಿ ಹಿಡಿದು ಮುಳಬಾಗಿಲಿಗೆ ಹೋದೆ. ಟೀಚರು ಮಂಚ ಹಿಡಿದಿದ್ದರು. ಸ್ಟ್ರೋಕ್ ಹೊಡೆದು ಬಲಗೈ ಸ್ವಾಧೀನ ತಪ್ಪಿತ್ತು, ಮಾತು ತೊದಲು. ಬಿಸಿನೀರಿನ ಕಥೆ ಹೇಳಿದೆ. ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಉಂಡೆಯನ್ನು ಅವರ ಅಂಗೈಯಲ್ಲಿಟ್ಟೆ, ಬೆರಳು ಮಡಚಲಿಲ್ಲ. ತೆಗೆದು ಬಾಯಿಗೇ ಇಡೋಣವೆಂದುಕೊಂಡೆ. ಅವರು ತಲೆ ಅಲ್ಲಾಡಿಸಿದರು.

“ಇರು… ಮುಚ್ಚತ್ತೆ.”

ಅವರ ಕೈಯ ಕೆಳಗೆ ನನ್ನ ಕೈ ಇಟ್ಟು ಕೂತೆ. ಮಂಜುಳ ಕಾಫಿ ತಂದಿಟ್ಟಳು, ಅದು ಆರಿ ಕೆನೆಗಟ್ಟಿತು. ಒಂದೊಂದೇ ಬೆರಳು ಸ್ವಲ್ಪ ಸ್ವಲ್ಪ ಬಾಗಿ, ಹೆಬ್ಬೆರಳು ಉಂಡೆಗೆ ತಾಗಿತು. ಆಮೇಲೆ ನಾನು ಕೈ ತೆಗೆದೆ. ನಾನು ಅವರನ್ನು ಮಾತಾಡಿಸಿದ್ದು ಅದೇ ಕೊನೆ.

ಟೀಚರ ಮಣ್ಣು ಮುಗಿಸಿಕೊಂಡು ಮನೆಗೆ ಬಂದು, ತಲೆಗೆ ನೀರು ಹಾಕಿಕೊಂಡು ದೀಪ ಹಚ್ಚಿದೆ. ಉಪ್ಪು ಬೆರೆತ ಹೋಳು ಆಗಲೇ ನೀರು ಬಿಟ್ಟಿತ್ತು. ಜಾಡಿ ಎತ್ತಿದೆ, ಭಾರ. ನಮ್ಮನೆಯವರು ಕೈ ಚಾಚಿದರು.

“ಕೊಡಿಲ್ಲಿ, ಅಟ್ಟದ ಮೇಲೆ ನಾನಿಡ್ತೀನಿ.”

ಕೊಟ್ಟೆ. ಆದರೂ ಹಾಗೇ ನಿಂತಿದ್ದೆ.

“ಹಿಡ್ಕೊಂಡಿದ್ದೀನಿ ಕಣೇ, ಬಿಡು.”

ಬಿಟ್ಟೆ. ಇನ್ನೂ ಅರ್ಧ ಬುಟ್ಟಿ ಕಾಯಿ ಉಳಿದಿತ್ತು. ಈಳಿಗೆಮಣೆ ಎಳೆದುಕೊಂಡು ಕೂತೆ.