ಮಡಿಯ ಹೊತ್ತಿನ ರಕ್ತದೊತ್ತಡ

ನನ್ನ ಹೆಂಡತಿಯ ತಾಯಿ ತೀರಿಕೊಂಡದ್ದು ಚಿಂಚೋಳಿಯ ಅವರ ಮನೆಯ ಅಂಗಳದಲ್ಲಿ, ಒಂದು ದ್ವಾದಶಿಯ ಬೆಳಗ್ಗೆ, ತುಳಸಿ ಕಟ್ಟೆಯನ್ನು ಎರಡೂ ಕೈಗಳಿಂದ ಅಪ್ಪಿಕೊಂಡು. ಇಷ್ಟು ನಿಜ. ಇದರ ಮೇಲೆ ಆ ಮನೆಯವರು ಕಟ್ಟಿದ ಕಥೆ ಬೇರೆ. ಏಕಾದಶಿಯ ಉಪವಾಸ ಮುಗಿಸಿದ ಆಕೆ ಪಾರಣೆಗೆ ಮುಂಚೆ ಪ್ರದಕ್ಷಿಣೆ ಹಾಕುತ್ತಿದ್ದಳಂತೆ, ಭಕ್ತಿ ಉಕ್ಕಿ ಬಂದು ಕಟ್ಟೆಯನ್ನು ತಬ್ಬಿಕೊಂಡಳಂತೆ, ತಬ್ಬಿಕೊಂಡ ಕ್ಷಣದಲ್ಲಿ ದೇವರು ತನ್ನ ಕಡೆ ಎಳೆದುಕೊಂಡನಂತೆ. ಪ್ರತಿ ವರ್ಷ ಶ್ರಾದ್ಧದ ದಿನ ಊಟದ ಎಲೆಗಳ ಮುಂದೆ ಈ ಕಥೆ ಹೊಸದಾಗಿ ಹೇಳಲ್ಪಡುತ್ತಿತ್ತು. ಹೇಳುವವರಲ್ಲಿ ಒಬ್ಬರೂ ಆ ಬೆಳಗ್ಗೆ ಅಂಗಳದಲ್ಲಿ ಇರಲಿಲ್ಲ. ಇದ್ದವಳು ಒಬ್ಬಳೇ, ಆಗಿನ್ನೂ ಮದುವೆಯಾಗದ ನನ್ನ ಹೆಂಡತಿ. ಅವಳು ಮಾತ್ರ ಈ ಕಥೆಯನ್ನು ಎಂದೂ ತನ್ನ ಬಾಯಿಂದ ಹೇಳಲಿಲ್ಲ. ಬೇರೆಯವರು ಹೇಳುವಾಗ ತಲೆ ತಗ್ಗಿಸಿ ಕೇಳುತ್ತಿದ್ದಳು.

ನಾನು ಗುಡಿಯ ಪೂಜೆಯ ಮನೆತನದಲ್ಲಿ ಹುಟ್ಟಿ, ಏಳನೆಯ ಇಯತ್ತೆಗೆ ಶಾಲೆ ಬಿಟ್ಟು, ವಾಡಿಯ ಒಂದು ಕಾರ್ಖಾನೆಯಲ್ಲಿ, ಕಲ್ಲು ಕೊರೆಯುವ ಯಂತ್ರಗಳಿಗೆ ಗಾಳಿ ಒತ್ತಿ ಕಳಿಸುವ ಕಂಪ್ರೆಸರ್ ಮನೆಯಲ್ಲಿ ದುಡಿದವನು. ನಮ್ಮೂರು ಚಿತ್ತಾಪುರದಿಂದ ರೈಲಿನಲ್ಲಿ ಹೋಗಿ ಬರುವಾಗ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಷ್ಟೂ ನಂಬಿಕೆ ಕಡಿಮೆಯಾಯಿತು. ಊರಿನ ಸ್ಥಳಪುರಾಣ ಹೇಳುವವರನ್ನೂ ಹಿರಿಯರ ಮಹಿಮೆ ಹೇಳುವವರನ್ನೂ ನಾನು ಕೇಳುತ್ತಿದ್ದುದು ಒಂದೇ ಪ್ರಶ್ನೆ: ನೀವು ನೋಡಿದ್ದೀರಾ? ಇದರಿಂದ ನನಗೆ ಸ್ನೇಹಿತರು ಹೆಚ್ಚಲಿಲ್ಲ.

ತೊಂಬತ್ತರ ದಶಕದ ಆರಂಭದಲ್ಲಿ ನನ್ನ ಹೆಂಡತಿಗೆ ಸಕ್ಕರೆ ಕಾಯಿಲೆ ಇರುವುದು ಗೊತ್ತಾಯಿತು. ನಾನು ನಿವೃತ್ತನಾಗುವ ಹೊತ್ತಿಗೆ ರಕ್ತದೊತ್ತಡವೂ ಜೊತೆಗೂಡಿತ್ತು. ಶಹಾಬಾದಿನ ಡಾಕ್ಟರು ನನ್ನ ಮಗನ ವಯಸ್ಸಿನವರು, ತಾಳ್ಮೆಯುಳ್ಳವರು. ವಾಡಿಯಲ್ಲಿ ಗಾಡಿ ಬದಲಿಸಿ, ಬಿಸಿಲಿನಲ್ಲಿ ನಡೆದು, ಮೆಟ್ಟಿಲು ಹತ್ತಿ ಬಂದ ಹೆಂಗಸಿನ ತೋಳಿಗೆ ಪಟ್ಟಿ ಸುತ್ತಿದರೆ ಬರುವ ಅಂಕಿಯನ್ನು ನಾನು ಹೇಗೆ ನಂಬಲಿ ಎಂದು ಅವರೊಡನೆ ವಾದಿಸಿದೆ.

"ಬರೋಬ್ಬರಿ ಕಾಕಾ," ಎಂದರು ಅವರು. "ನೀವ ಮನ್ಯಾಗ ನೋಡ್ರಿ. ಒಂದು ಮಷೀನ್ ತಗೋರಿ, ನಾ ಕಲಿಸ್ತೀನಿ. ಶುಗರ್ ಇದ್ದವರಿಗೆ ಬಿಪಿ ಮ್ಯಾಲ ನಿಗಾ ಇಡಬೇಕು. ಕಿಡ್ನಿ, ಕಣ್ಣು, ಎಲ್ಲಾದಕ್ಕೂ ಅದು ಸಂಬಂಧ ಅದ."

ಕೊಂಡ ಯಂತ್ರ ನನಗೆ ಅಪರಿಚಿತವೆನಿಸಲಿಲ್ಲ. ಗುಂಡಗಿನ ಮುಖ, ಅದರೊಳಗೆ ನಡುಗುವ ಮುಳ್ಳು, ಗಾಳಿ ತುಂಬಲು ರಬ್ಬರಿನ ಬುರುಡೆ, ತೋಳಿಗೆ ಸುತ್ತಲು ಬಟ್ಟೆಯ ಪಟ್ಟಿ, ಅದರ ಹೊಟ್ಟೆಯಲ್ಲಿ ರಬ್ಬರಿನ ಚೀಲ. ನನ್ನ ಕಂಪ್ರೆಸರಿನ ಮರಿಯಂತಿತ್ತು. ಡಾಕ್ಟರ ಪಾದರಸದ ಕಂಬದೊಡನೆ ಹೋಲಿಸಿ ನೋಡುವವರೆಗೂ ಅದನ್ನೂ ನಾನು ನಂಬಲಿಲ್ಲ. ಎರಡೂ ಒಂದೇ ಅಂಕಿ ಹೇಳಿದವು. ಸ್ಟೆತಾಸ್ಕೋಪನ್ನು ಮೊಣಕೈಯ ಮಡಿಕೆಗೆ ಒತ್ತಿ, ಗಾಳಿಯನ್ನು ಮೆಲ್ಲಗೆ ಬಿಡುತ್ತ, ಮೊದಲ ಬಡಿತ ಕೇಳಿದಲ್ಲಿ ಮೇಲಿನ ಅಂಕಿಯನ್ನೂ ಬಡಿತ ಅಡಗಿದಲ್ಲಿ ಕೆಳಗಿನ ಅಂಕಿಯನ್ನೂ ಓದುವುದನ್ನು ಕಲಿತೆ.

ಆದರೆ ನಮ್ಮ ಮನೆಯಲ್ಲಿ ಈ ಯಂತ್ರಕ್ಕೆ ಒಂದು ಗಡಿ ಇತ್ತು. ನನ್ನ ಹೆಂಡತಿ ಬೆಳಗ್ಗೆ ಸ್ನಾನ ಮಾಡಿ, ಹಿಂದಿನ ದಿನ ಯಾರೂ ಮುಟ್ಟದಂತೆ ಬಿದಿರ ಗಳದ ಮೇಲೆ ಒಣಗಿಸಿದ ಸೀರೆಯನ್ನು ಕೋಲಿನಿಂದ ಇಳಿಸಿಕೊಂಡು ಉಟ್ಟಳೆಂದರೆ, ಅಡುಗೆ ಮುಗಿದು ದೇವರಿಗೆ ನೈವೇದ್ಯವಾಗುವವರೆಗೂ ಮಡಿ. ಆ ಹೊತ್ತಿನಲ್ಲಿ ಅವಳನ್ನು ನಾನೂ ಮುಟ್ಟುವಂತಿಲ್ಲ, ಯಾರೋ ಹೊಲಿದು ಯಾರೋ ಮಾರಿದ ಪಟ್ಟಿಯಂತೂ ದೂರದ ಮಾತು. ಹೀಗಾಗಿ ನಾನು ನೋಡುತ್ತಿದ್ದುದು ಮಧ್ಯಾಹ್ನ, ಊಟವಾಗಿ, ಅವಳು ಸೀರೆ ಬದಲಿಸಿ, ತಣ್ಣನೆಯ ಹಾಸುಗಲ್ಲಿನ ಮೇಲೆ ಗೋಡೆಗೆ ಒರಗಿ ಕುಳಿತ ಮೇಲೆ. ಬೇರೆ ಹೊತ್ತಿನಲ್ಲಿ ನೋಡಬಹುದೆಂಬ ಯೋಚನೆ ನಮ್ಮಿಬ್ಬರಿಗೂ ಬರಲಿಲ್ಲ.

ಮೊದಲ ಬಡಿತ ಕೇಳುವಾಗ ಮುಳ್ಳು ನೂರಾ ಅರವತ್ತರ ಸುತ್ತಮುತ್ತ ಇರುತ್ತಿತ್ತು. ನನಗೆ ಭಯ ಹಿಡಿದದ್ದು ಆಗ. ಸಕ್ಕರೆ ಕಾಯಿಲೆ ಎಂಬುದು ಕಣ್ಣಿಗೆ ಕಾಣದ್ದು. ಆದರೆ ಮುಳ್ಳು ಕಾಣುತ್ತದೆ, ಮತ್ತು ಕಂಪ್ರೆಸರ್ ಮನೆಯಲ್ಲಿ ದುಡಿದವನಿಗೆ ಒತ್ತಡ ಮಿತಿ ಮೀರಿದರೆ ಏನು ಒಡೆಯುತ್ತದೆ ಎಂಬುದನ್ನು ಯಾರೂ ವಿವರಿಸಬೇಕಾಗಿಲ್ಲ. ಅಂಕಿಗಳನ್ನು ಡಾಕ್ಟರಿಗೆ ಒಪ್ಪಿಸಿದೆ. ಅವರು ಬಿಪಿಯ ರಾತ್ರಿಯ ಮಾತ್ರೆಯನ್ನು ಹೆಚ್ಚಿಸಿದರು. ಮಧ್ಯಾಹ್ನದ ಮುಳ್ಳು ಸ್ವಲ್ಪ ಇಳಿಯಿತು. ಸಾಲದೆಂದು ಇನ್ನೊಮ್ಮೆ ಹೆಚ್ಚಿಸಿದರು.

ಬೆಳಗಿನ ತಲೆಸುತ್ತು ಶುರುವಾದದ್ದು ಆಮೇಲೆ.

ಮೊದಲು ಒಂದು ತಂಬಿಗೆ ಬಿದ್ದ ಸದ್ದು. ನಾನು ಅಡುಗೆಮನೆಯ ಹೊಸ್ತಿಲವರೆಗೆ ಓಡಿದೆ. ಅವಳು ನೆಲದ ಮೇಲೆ ಕುಳಿತಿದ್ದಳು, ಒಂದು ಕೈ ಹಣೆಯ ಮೇಲೆ, ಇನ್ನೊಂದು ನನ್ನನ್ನು ತಡೆಯಲು ಮುಂದೆ ಚಾಚಿತ್ತು.

"ಅಲ್ಲೇ ನಿಂದರ್ರಿ. ಮಡಿ ಅದ."

"ಏನಾತು?"

"ಏನಿಲ್ಲ. ಹಸಿವಿಗಿ ಕಣ್ಣು ಕತ್ತಲಿ ಬಂತು."

ಕೇಳಿದವರೆಲ್ಲರೂ ಅದನ್ನೇ ಹೇಳಿದರು: ಸಕ್ಕರೆ ಕಾಯಿಲೆಯವರು ಅಷ್ಟು ಹೊತ್ತು ಖಾಲಿ ಹೊಟ್ಟೆಯಲ್ಲಿ ಇರಬಾರದು. ಡಾಕ್ಟರೂ ಅದನ್ನೇ ಹೇಳಿದ್ದರು. ಅದಕ್ಕಾಗಿ ಅವಳು ಕಷ್ಟಪಟ್ಟು ಒಂದು ಬಟ್ಟಲು ಹಾಲನ್ನು ಮಡಿಯಲ್ಲೇ ಕುಡಿಯಲು ಒಪ್ಪಿಕೊಂಡಳು. ತಲೆಸುತ್ತು ನಿಲ್ಲಲಿಲ್ಲ. ನಾನು ಗಮನಿಸಿದ ಸಂಗತಿ ಬೇರೆಯಾಗಿತ್ತು. ಕುಳಿತ ಕೂಡಲೇ ಅವಳ ಕಣ್ಣಿನ ಕತ್ತಲು ಹೋಗುತ್ತಿತ್ತು. ಏನನ್ನೂ ತಿನ್ನದೆ, ಕುಳಿತ ಮಾತ್ರಕ್ಕೆ ಹೋಗುವ ಹಸಿವು ಯಾವುದು? ಇದನ್ನು ಕೇಳಿದರೆ, ಈ ಮುದುಕ ಎಲ್ಲದಕ್ಕೂ ಅಡ್ಡ ಮಾತಾಡುತ್ತಾನೆ ಎಂದು ನಕ್ಕರು.

ಅಂದಿನಿಂದ ನನ್ನ ಬೆಳಗುಗಳು ಕಿವಿಯಲ್ಲೇ ಕಳೆದವು. ಪಡಸಾಲೆಯಲ್ಲಿ ಪುಸ್ತಕ ಬಿಡಿಸಿ ಕೂಡುತ್ತಿದ್ದೆ, ಓದುತ್ತಿರಲಿಲ್ಲ. ಬಳೆಯ ಸದ್ದು ಬಂದರೆ ನಿಂತಿದ್ದಾಳೆ. ಪಾತ್ರೆಯ ಸದ್ದು ಬಂದರೆ ನಿಂತಿದ್ದಾಳೆ. ಹಿತ್ತಲಿನ ಬಾವಿಯ ಗಾಲಿ ಕಿರುಗುಟ್ಟಿದರೆ ನಿಂತಿದ್ದಾಳೆ, ಆದರೆ ಬಾವಿಯ ಕಡೆಗೆ ಬಾಗಿ ನಿಂತಿದ್ದಾಳೆ. ಆ ಬಾವಿಗೆ ಮೊಣಕಾಲೆತ್ತರದ ಕಟ್ಟೆ. ಹಗ್ಗ ಎಳೆಯುವಾಗ ಗಾಲಿಯ ಸದ್ದು ನಡುವೆ ನಿಂತರೆ ನನ್ನ ಉಸಿರೂ ನಿಲ್ಲುತ್ತಿತ್ತು. ನೀರು ನಾನು ಸೇದುತ್ತೇನೆ ಎಂದರೆ ಮಡಿಗೆ ಬಾರದು ಎನ್ನುತ್ತಿದ್ದಳು. ನಾನೂ ಸ್ನಾನ ಮಾಡಿ ಮಡಿಯುಟ್ಟು ಸೇದುತ್ತೇನೆಂದರೆ, "ಜಲ್ಮದಾಗ ದೇವರಿಗಿ ಕೈ ಮುಗದವರಲ್ಲ, ಈಗೇನು ಹೊಸಾ ಮಡಿ," ಎಂದು ನಗುತ್ತಿದ್ದಳು.

ಒಂದು ಬೆಳಗ್ಗೆ ಗಾಲಿಯ ಸದ್ದು ಮುಗಿಯಿತು, ತುಂಬಿದ ಕೊಡವನ್ನು ಕೆಳಗಿಟ್ಟ ಸದ್ದೂ ಬಂತು, ಆಮೇಲೆ ಏನೂ ಇಲ್ಲ. ಹೋಗಿ ನೋಡಿದರೆ ಅವಳು ಹಿತ್ತಲಿನ ತುಳಸಿ ಕಟ್ಟೆಯನ್ನು ಎರಡೂ ಕೈಗಳಿಂದ ಅಪ್ಪಿಕೊಂಡು ನಿಂತಿದ್ದಳು. ಕೆನ್ನೆ ಕಲ್ಲಿಗೆ ತಾಗಿತ್ತು, ಕಣ್ಣು ಮುಚ್ಚಿತ್ತು, ಮುಖ ಬಿಳಿಚಿತ್ತು. ಒಂದು ಕ್ಷಣ ನಾನು ಚಿಂಚೋಳಿಯ ಆ ಅಂಗಳದಲ್ಲಿ ನಿಂತಿದ್ದೆ. ಮಡಿಯನ್ನು ಮರೆತು ಹಿಂದಿನಿಂದ ಹಿಡಿದುಕೊಂಡೆ. ಅವಳ ಬೆನ್ನು ಬೆವರಿ ತಣ್ಣಗಾಗಿತ್ತು. ಮೆಲ್ಲಗೆ ಕೆಳಗೆ ಕೂರಿಸಿದೆ.

ಕಣ್ಣು ತೆರೆದು ಅವಳು ಹೇಳಿದ್ದು, "ಮುಟ್ಟಿಬಿಟ್ರಿ. ಮತ್ತ ಸ್ನಾನ ಮಾಡಬೇಕು."

"ಏನ್ ಮಾಡ್ಲಿಕತ್ತಿದ್ದಿ ಇಲ್ಲಿ?"

"ನಮಸ್ಕಾರ ಮಾಡ್ಲಿಕತ್ತಿದ್ದೆ."

"ಹಂಗ ತಬ್ಬಿಕೊಂಡು?"

ಅವಳು ಕಟ್ಟೆ ಹಿಡಿದು ಮೆಲ್ಲಗೆ ಎದ್ದು ಸ್ನಾನಕ್ಕೆ ಹೋದಳು. ಮಧ್ಯಾಹ್ನ ಎಂದಿನಂತೆ ಪಟ್ಟಿ ಸುತ್ತಿದೆ. ನೂರಾ ಐವತ್ತು. ನನಗೆ ಆ ಅಂಕಿಯ ಮೇಲೆ ಸಿಟ್ಟು ಬಂತು. ಯಂತ್ರ ಸುಳ್ಳು ಹೇಳುತ್ತಿರಲಿಲ್ಲ, ಅದನ್ನು ನಾನೇ ಪರೀಕ್ಷಿಸಿದ್ದೆ. ಆದರೆ ಬೆಳಗ್ಗೆ ನಾನು ಹಿಡಿದ ದೇಹಕ್ಕೂ ಈ ಅಂಕಿಗೂ ಸಂಬಂಧವಿರಲಿಲ್ಲ. ಯಾರೂ ಗಾಳಿ ಎಳೆಯದ ಹೊತ್ತಿನಲ್ಲಿ ಬಂದು ಮುಳ್ಳು ನೋಡಿ ಹೋಗುವ ಮೇಲಧಿಕಾರಿಯೊಬ್ಬರು ನಮ್ಮಲ್ಲಿದ್ದರು. ಅವರು ನೋಡಿದಾಗ ಎಲ್ಲವೂ ಸರಿಯಾಗಿರುತ್ತಿತ್ತು. ಕಲ್ಲು ಕೊರೆಯುವ ಯಂತ್ರಗಳೆಲ್ಲ ಒಮ್ಮೆಗೇ ಗಾಳಿ ಎಳೆಯುವಾಗ ಒತ್ತಡ ಎಷ್ಟು ಕುಸಿಯುತ್ತದೆ ಎಂಬುದು ಅಲ್ಲೇ ನಿಂತವನಿಗೆ ಮಾತ್ರ ಗೊತ್ತು. ನಾನು ಈಗ ಆ ಮೇಲಧಿಕಾರಿಯ ಕೆಲಸ ಮಾಡುತ್ತಿದ್ದೆ. ತಲೆ ಸುತ್ತುವ ಹೊತ್ತಿನಲ್ಲಿ, ಅವಳು ನಿಂತಿರುವಾಗಲೇ, ಪಟ್ಟಿ ಸುತ್ತಬೇಕಿತ್ತು.

ಅದನ್ನು ಹೇಳಿದೆ. ಅವಳು ಸಾಧ್ಯವಿಲ್ಲವೆಂದಳು.

"ಪಟ್ಟಿ ತೊಳದು ಗಳದ ಮ್ಯಾಲ ಹಾಕ್ತೀನಿ," ಎಂದೆ. "ನಿನ್ನ ಸೀರಿ ಹೆಂಗ ಮಡಿ ಆಗ್ತದೋ, ಅದೂ ಹಂಗ ಆಗ್ತದ."

"ಅದರಾಗ ರಬ್ಬರ್ ಅದ. ಯಾತರಿಂದ ಮಾಡ್ತಾರೋ ಏನೋ."

"ಗಿಡದ ಹಾಲಿನಿಂದ ಮಾಡ್ತಾರ. ಚರ್ಮ ಅಲ್ಲ ಅದು."

"ನೀವು ನೋಡೀರೇನು ಆ ಗಿಡ?"

"ಇಲ್ಲ. ಓದೀನಿ."

"ಊರ ಮಂದಿಗೆಲ್ಲ ಕೇಳ್ತೀರಿ, ನೀವು ನೋಡೀರೇನು, ನೀವು ನೋಡೀರೇನು ಅಂತ. ಈಗ ಓದಿದ್ದು ನಡೀತದೇನು?"

ನಾನು ಸೋತೆ. ಸಂಜೆ ಅವಳೇ ಬಂದು, ಒಳಗಿನ ಚೀಲ ತೆಗೆದು ಬಟ್ಟೆಯನ್ನು ಬಾವಿಯ ನೀರಿನಲ್ಲಿ ಜಾಲಿಸಿ ಕೊಟ್ಟರೆ ನೋಡೋಣ ಎಂದಳು. ಚೀಲಕ್ಕೂ ಸ್ಟೆತಾಸ್ಕೋಪಿಗೂ ನೀರು ಮುಟ್ಟಿಸಬೇಕು. ನಾನೂ ತಣ್ಣೀರು ಸ್ನಾನ ಮಾಡಿ ಒದ್ದೆ ಪಂಚೆಯಲ್ಲೇ ಬರಬೇಕು. ಈ ಎಲ್ಲ ಷರತ್ತುಗಳಿಗೂ ಒಪ್ಪಿದೆ. ಆ ರಾತ್ರಿ ಗಳದ ಮೇಲೆ ಅವಳ ಸೀರೆಯ ಪಕ್ಕದಲ್ಲಿ ಬಿಪಿ ಯಂತ್ರದ ಪಟ್ಟಿ ತೂಗುತ್ತಿತ್ತು. ನಗು ಬರಬೇಕಾದ ನೋಟ. ನನಗೆ ಬರಲಿಲ್ಲ.

ಮರುದಿನ ಅವಳು ಒಲೆಯ ಮುಂದೆ ಮಣೆಯ ಮೇಲೆ ಕುಳಿತಿರುವಾಗ ಮೊದಲು ನೋಡಿದೆ. ನೂರಾ ನಲವತ್ತು. "ಈಗ ಏಳು," ಎಂದೆ. ಎದ್ದಳು. ಅವಳ ತೋಳನ್ನು ಕೆಳಗೆ ತೂಗಬಿಡದೆ ಎದೆಯ ಮಟ್ಟಕ್ಕೆ ಹಿಡಿದು ಗಾಳಿ ತುಂಬಿದೆ. ಮೆಲ್ಲಗೆ ಬಿಟ್ಟೆ. ಬಡಿತ ಕೇಳಬೇಕಾದ ಜಾಗ ದಾಟಿತು, ಏನೂ ಇಲ್ಲ. ನೂರಾ ಇಪ್ಪತ್ತು, ಇಲ್ಲ. ನೂರು, ಇಲ್ಲ. ಕಿವಿಯಲ್ಲಿ ನನ್ನದೇ ಎದೆಯ ಸದ್ದು ತುಂಬಿಕೊಂಡಿತು. ಮುಳ್ಳು ತೊಂಬತ್ತಕ್ಕಿಂತ ಕೆಳಗಿಳಿದ ಮೇಲೆ ದೂರದಿಂದ ಬಂದಂತೆ ಒಂದು ಬಡಿತ ಕೇಳಿತು.

"ಎಷ್ಟದ್ರಿ?" ಎಂದಳು. ಅವಳ ತುಟಿ ಬಿಳಿಚುತ್ತಿತ್ತು.

"ಕೂಡು. ಮೊದಲ ಕೂಡು."

ಆ ದಿನವೇ ಶಹಾಬಾದಿಗೆ ಹೊರಟೆವು. ವಾಡಿಯಲ್ಲಿ ಗಾಡಿಗಾಗಿ ಕಾಯುತ್ತ ಬೆಂಚಿನ ಮೇಲೆ ಕುಳಿತಾಗ, ಅವಳು ಏಳಲು ಹೋದಾಗಲೆಲ್ಲ ನನ್ನ ಕೈ ತಾನಾಗಿಯೇ ಅವಳ ಮೊಣಕೈಗೆ ಹೋಗುತ್ತಿತ್ತು. ಮಾತ್ರೆಗಳನ್ನು ನಾವೇ ನಿಲ್ಲಿಸಿಬಿಡಬೇಕೆಂಬ ಹಟ ನನಗಿತ್ತು. ನಿಲ್ಲಿಸಿದರೆ ಮಧ್ಯಾಹ್ನದ ಅಂಕಿ ಏನು ಮಾಡೀತೆಂಬ ಭಯ ಅದಕ್ಕಿಂತ ದೊಡ್ಡದಾಗಿತ್ತು.

ಡಾಕ್ಟರು ನನ್ನ ಮಾತನ್ನು ಪೂರ್ತಿ ಕೇಳಿ, ಅವಳನ್ನು ಮಲಗಿಸಿ, ನಿಲ್ಲಿಸಿ, ತಾವೇ ನೋಡಿದರು.

"ಕಾಕಾ, ಶುಗರ್ ಭಾಳ ವರ್ಷ ಇದ್ರ ನರ ಸಡಿಲ ಆಗ್ತಾವ. ಎದ್ದಾಗ ರಕ್ತ ಕಾಲಿಗಿ ಇಳೀತದ, ಅದನ್ನ ಮ್ಯಾಲ ತಳ್ಳೋ ಶಕ್ತಿ ನರಕ್ಕಿರಂಗಿಲ್ಲ. ಅದರ ಮ್ಯಾಲ ನಾ ರಾತ್ರಿ ಮಾತ್ರಿ ಹೆಚ್ಚು ಮಾಡೀನಿ. ಕುಂತಾಗಿನ ಬಿಪಿ ನೋಡಿ ಮಾಡೀನಿ."

"ಕುಂತಾಗಿಂದೇ ನಾ ತಂದುಕೊಟ್ಟೀನಿ," ಎಂದೆ.

"ನಿಂದರಿಸಿ ನೋಡ್ರಿ ಅಂತ ನಾನೂ ಹೇಳಲಿಲ್ಲ." ಅವರು ರಾತ್ರಿಯ ಮಾತ್ರೆಯನ್ನು ನಿಲ್ಲಿಸಿ ಬೇರೊಂದನ್ನು ಕಡಿಮೆ ಪ್ರಮಾಣದಲ್ಲಿ ಕೊಟ್ಟರು. ಹಾಸಿಗೆಯಿಂದ ಒಮ್ಮೆಲೇ ಏಳಬಾರದು, ಕುಳಿತು, ಕಾಲು ಆಡಿಸಿ, ಆಮೇಲೆ ಏಳಬೇಕು ಎಂದರು. ನಿರ್ಜಲ ಏಕಾದಶಿಯನ್ನು ಬಿಡಬೇಕೆಂದರು. ನನ್ನ ಹೆಂಡತಿ ಕೊನೆಯದೊಂದನ್ನು ಕೇಳಿಸಿಕೊಳ್ಳದವಳಂತೆ ಸೀರೆಯ ಸೆರಗು ಸರಿಪಡಿಸಿಕೊಂಡಳು. ಮುಂದಿನ ಏಕಾದಶಿಗೆ ನೀರು ಕುಡಿದಳು. ಯಾಕೆಂದು ನಾನು ಕೇಳಲಿಲ್ಲ.

ಬಿಳಿಚಿಕೊಂಡು ನಿಲ್ಲುವುದು ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಪಟ್ಟಿ ಗಳದ ಮೇಲಿನ ತನ್ನ ಜಾಗವನ್ನು ಉಳಿಸಿಕೊಂಡಿತು. ಬಾವಿಯ ನೀರನ್ನು ಒದ್ದೆ ಪಂಚೆಯಲ್ಲಿ ನಾನೇ ಸೇದತೊಡಗಿದೆ, ಅವಳು ಬೇಡವೆನ್ನಲಿಲ್ಲ.

ಆ ವರ್ಷ ಶ್ರಾದ್ಧಕ್ಕೆ ಚಿಂಚೋಳಿಗೆ ಹೋದೆವು. ಶ್ರಾದ್ಧ ಮಾಡುವವರು ನನ್ನ ಹೆಂಡತಿಯ ಅಣ್ಣ, ಆ ಮನೆಯ ಯಜಮಾನರು. ಮನೆಯ ಕಥೆಯನ್ನು ಹೇಳುವುದೂ ಅವರೇ. ಊಟದ ನಡುವೆ ಆರಂಭಿಸಿದರು. ಅಮ್ಮ ಕಟ್ಟೆಯನ್ನು ತಬ್ಬಿಕೊಂಡ ಮಾತು ಬಂದಾಗ, ಬಡಿಸುತ್ತಿದ್ದ ನನ್ನ ಹೆಂಡತಿ ಸಾರಿನ ಪಾತ್ರೆಯನ್ನು ಕೆಳಗಿಟ್ಟಳು.

"ಅವ್ವಗ ಕಣ್ಣು ಕತ್ತಲಿ ಬಂದಿತ್ತು, ಅಣ್ಣ. ಬೀಳಬಾರದಂತ ಹಿಡಕೊಂಡಿದ್ಲು."

ಅವರು ನನ್ನ ಕಡೆ ನೋಡಿದರು. "ಇದು ಭಾವನವರ ಪಾಠ ಇರಬೇಕು."

"ಅವರಿಗೇನು ಗೊತ್ತು. ಅವರು ನೋಡಿಲ್ಲ, ನಾ ನೋಡೀನಿ. 'ಹಿಡಕೋ, ಹಿಡಕೋ' ಅಂದ್ಲು ನನಗ. ಮಡಿ ಅಂತ ನಾ ದೂರ ನಿಂತೆ. ಆಮ್ಯಾಲ ಅವಳ ಬೆರಳು ಕಲ್ಲಿನಿಂದ ಬಿಡಿಸಿದಾಕಿ ನಾನ."

ಇಷ್ಟು ವರ್ಷ ನನ್ನ ಮಗ್ಗುಲಲ್ಲಿ ಬದುಕಿದವಳ ಎದೆಯಲ್ಲಿ ಇದು ಇತ್ತು. ಊರವರನ್ನೆಲ್ಲ ಪ್ರಶ್ನಿಸಿದ ನಾನು, ನೋಡಿದ ಒಬ್ಬಳನ್ನು ಮಾತ್ರ ಎಂದೂ ಕೇಳಿರಲಿಲ್ಲ.

ಊಟ ಮುಗಿಯಿತು. ಅವಳ ಅಣ್ಣ ಸಿಟ್ಟಿನಿಂದ ಎಲ್ಲರಿಗಿಂತ ಮೊದಲು ಎಲೆಯಿಂದ ಎದ್ದರು. ಅವರಿಗೂ ಸಕ್ಕರೆ ಕಾಯಿಲೆ ಹಿಡಿದು ವರ್ಷಗಳಾಗಿದ್ದವು. ಎರಡು ಹೆಜ್ಜೆ ಇಟ್ಟು ನಿಂತರು. ಬಲಗೈ ಇನ್ನೂ ಎಂಜಲಾಗಿತ್ತು. ಎಡಗೈ ಗಾಳಿಯಲ್ಲಿ ತಡಕಾಡಿ ಪಡಸಾಲೆಯ ಕಂಬವನ್ನು ಹಿಡಿಯಿತು. ಕಣ್ಣು ಮುಚ್ಚಿದರು. ಉಳಿದವರು ಅವರು ಅಮ್ಮನನ್ನು ನೆನೆಯುತ್ತಿದ್ದಾರೆಂದು ಭಾವಿಸಿ ತಲೆ ತಗ್ಗಿಸಿದರು.

ನನ್ನ ಹೆಂಡತಿ ಓಡಿಹೋಗಿ ಅವರ ತೋಳು ಹಿಡಿದುಕೊಂಡಳು. ಅಲ್ಲಿಂದಲೇ, ನನ್ನ ಕಡೆ ತಿರುಗದೆ ಕೇಳಿದಳು:

"ಏನ್ರಿ, ಮಷೀನ್ ತಂದೀರಿಲ್ಲೊ?"