ಮುಚ್ಚಳ ಹಾಕಿದ ರಾಗಿ

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಎದುರು ಮೇಜಿನ ಮೇಡಂ ಊಟದ ಡಬ್ಬಿ ತೆರೆದರು. ಹುಚ್ಚೆಳ್ಳು ಚಟ್ನಿಪುಡಿಯ ವಾಸನೆ ನನ್ನವರೆಗೂ ಬಂತು. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಪಾಠ ಮಾಡುತ್ತೇನೆ. ಆಗ ನಾಳಿನ ಪ್ರಾಕ್ಟಿಕಲ್ ಪರೀಕ್ಷೆಗೆ ಪ್ರಶ್ನೆಪತ್ರಿಕೆ ಬರೆಯುತ್ತಿದ್ದೆ. ಆ ವಾಸನೆಗೆ ಎಲ್ಲರಿಗೂ ಹಸಿವಾದರೆ ನನಗೆ ಪರೀಕ್ಷೆಯ ಭಯವಾಗುತ್ತದೆ. ಕಾರಣ ಹೇಳುತ್ತೇನೆ, ನಿಮ್ಮಲ್ಲೇ ಇರಲಿ.

ಪಿಯುಸಿ ಮುಗಿದ ವರ್ಷ ನನಗೆ ಕೃಷಿ ಪದವಿಯ ಸೀಟು ಬೇಕಿತ್ತು. ಬೇರೆ ಯಾವುದೂ ಬೇಡವಾಗಿತ್ತು. ರೈತರ ಮಕ್ಕಳಿಗೆಂದು ಕೆಲವು ಸೀಟುಗಳಿದ್ದವು. ಅದಕ್ಕೆ ಬೀಜ ಗುರುತಿಸುವ ಪರೀಕ್ಷೆಯನ್ನೂ ಬರೆಯಬೇಕಿತ್ತು. ನಗರದಂಚಿನ ಉಲ್ಲಾಳದ ನಾವು ಪಹಣಿಯ ಪ್ರಕಾರ ರೈತರೇ. ಹೊಲದ ಬಹುಪಾಲು ನಾನು ಹುಟ್ಟುವ ಮೊದಲೇ ಲೇಔಟ್ ಆಗಿತ್ತು. ಉಳಿದ ತುಂಡಿನಲ್ಲಿ ಅಪ್ಪ ಕಾರು ನಿಲ್ಲಿಸುತ್ತಿದ್ದರು.

ಅದಕ್ಕೂ ಮೊದಲು ನಡೆದಿದ್ದ ಲಿಖಿತ ಪರೀಕ್ಷೆಯಲ್ಲಿ ಉತ್ತರ ಗೊತ್ತಿಲ್ಲದ ಕಡೆಯೆಲ್ಲ ಮೂರನೆಯ ವೃತ್ತವನ್ನೇ ಕಪ್ಪು ಮಾಡಿ ಬಂದಿದ್ದೆ. ಎಷ್ಟೋ ಸರಿಯಾಗಿದ್ದವು. ಗೊತ್ತಿಲ್ಲದ್ದಕ್ಕೆ ಅಂಕ ಬಂದಾಗ ಪರೀಕ್ಷಾ ಪದ್ಧತಿಯ ಬಗ್ಗೆ ನನಗೆ ಯಾವ ತಕರಾರೂ ಇರಲಿಲ್ಲ.

ಬೀಜದ ಪರೀಕ್ಷೆಗೆ ಅಜ್ಜಿಯೇ ಕೋಚಿಂಗ್ ಕೊಟ್ಟಳು. ಸುಂಕದಕಟ್ಟೆಯ ಅಂಗಡಿಯಿಂದ ಬಗೆಬಗೆಯ ಕಾಳು ತರಿಸಿ, ನನ್ನ ಕಣ್ಣು ಮುಚ್ಚಿಸಿ, ಒಂದೊಂದನ್ನೇ ಅಂಗೈಗೆ ಸುರಿಯುತ್ತಿದ್ದಳು. ಕಣ್ಣಿಗೆ ಮೋಸ ಮಾಡಬಹುದು, ಕೈಗೆ ಆಗುವುದಿಲ್ಲ ಎಂಬುದು ಅವಳ ಸಿದ್ಧಾಂತ. ಸಾಸಿವೆ ಬೆರಳ ಸಂದಿಯಿಂದ ಜಾರಿಹೋಗುತ್ತದೆ, ರಾಗಿ ಸ್ವಲ್ಪ ತರಿತರಿ. ಹುಚ್ಚೆಳ್ಳನ್ನು ಉಜ್ಜಿ ಮೂಸಬೇಕು. ಒಂದು ವಾರದಲ್ಲಿ ನಾನು ಒಂದೂ ತಪ್ಪದೆ ಹೇಳತೊಡಗಿದೆ. ಅಮ್ಮನೂ ಅಪ್ಪನೂ ಬಂದವರ ಮುಂದೆಲ್ಲ ನನ್ನ ಕಣ್ಣು ಮುಚ್ಚಿಸಿ ತೋರಿಸಿದರು.

ಪರೀಕ್ಷೆಯ ಕೋಣೆಯಲ್ಲಿ ಗಾಜಿನ ಬಾಟಲಿಗಳು ಸಾಲಾಗಿದ್ದವು. ಎಲ್ಲಕ್ಕೂ ಬಿಗಿಯಾದ ಮುಚ್ಚಳ, ಮೇಲೊಂದು ನಂಬರು. ಮುಟ್ಟುವ ಹಾಗಿಲ್ಲ. ಗಂಟೆ ಹೊಡೆದಾಗ ಮುಂದಿನ ಬಾಟಲಿಗೆ ಸರಿಯಬೇಕು. ಮೊದಲನೆಯದರ ಮುಂದೆ ನಿಂತವಳೇ ಅಭ್ಯಾಸಬಲದಿಂದ ಕಣ್ಣು ಮುಚ್ಚಿ ಕೈ ಚಾಚಿದೆ.

"ಏನಮ್ಮಾ, ದೇವಸ್ಥಾನ ಅನ್ಕೊಂಡ್ಯಾ?" ಎಂದರು ಮೇಲ್ವಿಚಾರಕರು.

ನನ್ನ ಹಿಂದಿದ್ದವಳು ನಕ್ಕಳು. ಆಮೇಲೆ ಗಾಜಿನೊಳಗಿದ್ದುದೆಲ್ಲ ನನಗೆ ಕಂದು ಬಣ್ಣವಾಗಿಯೇ ಕಂಡಿತು. ಮುದ್ದೆ ತಿಂದು ಬೆಳೆದ ನಾನು ರಾಗಿಯನ್ನು ಸಾಸಿವೆ ಎಂದು ಬರೆದೆ.

ಹೊರಗೆ ಬಂದ ಮೇಲೆ ನಕ್ಕವಳನ್ನು ಮಾತಾಡಿಸಿದೆ. ರಾಜಾಜಿನಗರದ ಹುಡುಗಿ. ಕೋಚಿಂಗ್‌ನಲ್ಲಿ ಕೊಟ್ಟ ಫೋಟೋ ಹಾಳೆಯನ್ನು ಬಾಯಿಪಾಠ ಮಾಡಿದ್ದಳು. "ಎಲ್ಲಾ ಫೋಟೋದಲ್ಲಿ ಇದ್ದ ಹಾಗೇ ಇತ್ತಲ್ವಾ?" ಎಂದಳು. ಆ ಹಾಳೆಯನ್ನು ನನಗೇ ಕೊಟ್ಟುಬಿಟ್ಟಳು, ಅವಳಿಗೆ ಇನ್ನು ಬೇಕಿರಲಿಲ್ಲ.

ಸೀಟು ನನಗೆ ಸಿಗಲಿಲ್ಲ. ಅದು ಗೊತ್ತಾದ ದಿನ ಹಾಳೆಯಲ್ಲಿದ್ದ ಹೆಸರುಗಳನ್ನು ಮುಚ್ಚಿ ಅಜ್ಜಿಯ ಮುಂದೆ ಹಿಡಿದೆ. ಅವಳು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿ, ರಾಗಿಯನ್ನು ಸಾಸಿವೆ ಎಂದಳು. ನನಗೆ ಗೆದ್ದಷ್ಟು ಖುಷಿ. ಎಪ್ಪತ್ತು ದಾಟಿದ ರೈತ ಹೆಂಗಸೇ ಫೇಲಾಗುವ ಪರೀಕ್ಷೆ ಅದೆಂಥ ಪರೀಕ್ಷೆ ಎಂದು ಭಾಷಣ ಶುರುಮಾಡಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡಳು.

"ಆಯ್ತು ಕಣವ್ವ. ರಾಗಿ ಹೊಲದಲ್ಲಿ ನಡುನಡುವೆ ಬೇರೆ ಬೆಳೆಗೆ ಅಂತ ಅಕ್ಕಡಿ ಸಾಲು ಬಿಡ್ತಿದ್ವಲ್ಲ, ಅದಕ್ಕೆ ಏನ್ ಹಾಕ್ತಿದ್ವಿ ಹೇಳು?"

ನನಗೆ ಗೊತ್ತಿರಲಿಲ್ಲ.

"ಹುಚ್ಚೆಳ್ಳು. ಪರೀಕ್ಷೆಯವ್ರೂ ಇದನ್ನ ಕೇಳ್ಲಿಲ್ಲ, ನಾನೂ ಕೇಳ್ಲಿಲ್ಲ," ಎಂದು ಅಜ್ಜಿ ತನ್ನನ್ನೂ ಸೇರಿಸಿಕೊಂಡು ಬೈದಳು. ಆ ಸಂಜೆ ಅಪ್ಪನ ಕಾರಿನ ಸುತ್ತ ನಡೆಯುತ್ತಾ, ಸಾಲುಗಳು ಎಲ್ಲೆಲ್ಲಿ ಇದ್ದವೆಂದು ತೋರಿಸಿದಳು. ಆ ಹೂವಿಗೆ ಜೇನು ಬರುತ್ತಿತ್ತಂತೆ. ನಾನು ಮುಂದೆ ಜ್ಞಾನಭಾರತಿಯಲ್ಲಿ ಸಸ್ಯಶಾಸ್ತ್ರ ಓದಿದ್ದು ಸೀಟು ತಪ್ಪಿದ್ದಕ್ಕೋ ಆ ಸಂಜೆಗೋ, ಖಚಿತವಾಗಿ ಹೇಳಲಾರೆ.

ಊಟ ಮುಗಿಸಿದ ಮೇಡಂ ನನ್ನ ಪ್ರಶ್ನೆಪತ್ರಿಕೆ ಎತ್ತಿ ನೋಡಿದರು. ಹತ್ತು ಮಾದರಿಗಳನ್ನು ಗುರುತಿಸಿ ಎಂಬುದರ ಕೆಳಗೆ ಈಗಷ್ಟೇ ಒಂದು ಸಾಲು ಸೇರಿಸಿದ್ದೆ: ನಾನು ಕೇಳದೆ ಬಿಟ್ಟದ್ದು ನಿಮಗೇನಾದರೂ ಗೊತ್ತಿದ್ದರೆ ಬರೆಯಿರಿ.

"ಇದಕ್ಕೆ ಮಾರ್ಕ್ಸ್ ಹೇಗೆ ಕೊಡ್ತೀರಾ?" ಎಂದರು.

"ಗೊತ್ತಿಲ್ಲ ಮೇಡಂ," ಎಂದೆ. ಮೂರನೆಯ ವೃತ್ತ ಕಪ್ಪು ಮಾಡಿ ಪಾಸಾದವಳಿಗೆ ಆ ಒಂದು ಪದ ಬಾಯಿಂದ ಹೊರಡಲು ಇಷ್ಟು ವರ್ಷ ಬೇಕಾಯಿತು.