ಬೀಡಿ ಮುಟ್ಟದ ಮನೆಯ ಕೆಮ್ಮು

ನನ್ನ ಅಕ್ಕ ವಂಡ್ಸೆಯಲ್ಲಿ ಗಂಡನ ಜತೆ ಸಣ್ಣದೊಂದು ಹೋಟೆಲು ನಡೆಸುತ್ತಾಳೆ. ಚಾ ಕುಡಿದು ಬೀಡಿ ಹಚ್ಚಲು ಹೊರಟವರು ಅವಳ ಒಂದು ನೋಟಕ್ಕೆ ಬೆಂಕಿಪೆಟ್ಟಿಗೆ ಜೇಬಿಗಿಳಿಸಿ ರಸ್ತೆಯ ಆಚೆಗೆ ಹೋಗುತ್ತಾರೆ. ಅಂಥ ಅಕ್ಕನಿಗೆ ಕೆಲವು ವರ್ಷಗಳ ಹಿಂದೆ ಕೆಮ್ಮು ಹಿಡಿಯಿತು. ಒಗ್ಗರಣೆಯ ಘಾಟು ಅಂದುಕೊಂಡೆವು, ಆಮೇಲೆ ಹೆದ್ದಾರಿಯ ಧೂಳು, ಆಮೇಲೆ ಅಲರ್ಜಿ. ಕೊನೆಗೆ ಸ್ಕ್ಯಾನ್ ಮಾಡಿಸಿ, ಎದೆಯೊಳಗಿನ ಗಡ್ಡೆಯ ಚೂರು ತೆಗೆದು ಪರೀಕ್ಷಿಸಿದಾಗ ಶ್ವಾಸಕೋಶದ ಕ್ಯಾನ್ಸರ್ ಎಂದು ತಿಳಿಯಿತು.

ಬ್ರಹ್ಮಾವರದಿಂದ ನಾನೂ ಆಸ್ಪತ್ರೆಗೆ ಹೋಗಿದ್ದೆ. ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನ ಹೆಂಗಸು. ಬೀಡಿ, ಸಿಗರೇಟಿನ ಅಭ್ಯಾಸ ಇತ್ತೇ ಎಂದು ಕೇಳಿದರು. ಅಕ್ಕನಿಗೆ ರೇಗಿಹೋಯಿತು.

"ಎಂತ ಕೇಂತ್ರಿ ಡಾಕ್ಟ್ರೇ! ಬೀಡಿ ವಾಸ್ನಿ ಬಂದ್ರೆ ಬಸ್ಸಿಂದ ಇಳ್ದ್ ನಡ್ಕಂಡ್ ಹೋಪವ್ಳ್ ನಾನ್!"

"ಎಲ್ಲರನ್ನೂ ಕೇಳಲೇಬೇಕಮ್ಮ," ಎಂದು ನಕ್ಕು ಅವರು ಮನೆಯವರ ವಿಚಾರಕ್ಕೆ ಬಂದರು. ನಾವು ಅಬ್ಬಿ ಎಂದು ಕರೆಯುತ್ತಿದ್ದ ನಮ್ಮ ತಾಯಿಯೂ, ಬೈಂದೂರಿನಲ್ಲಿದ್ದ ಅವಳ ತಂಗಿಯೂ ಮುದುಕಿಯರಾಗುವ ಮೊದಲೇ ಕೆಮ್ಮಿ ಸೊರಗಿ ತೀರಿಕೊಂಡವರು. ಇಬ್ಬರೂ ಬೀಡಿ ಮುಟ್ಟಿದವರಲ್ಲ. ಆಗ ಎಲ್ಲರೂ ಕ್ಷಯ ಅಂದರು, ನಾವೂ ನಂಬಿದೆವು. ಅದನ್ನು ಕೇಳಿದ ಡಾಕ್ಟರು ಅಕ್ಕನ ರಕ್ತವನ್ನೂ ಪರೀಕ್ಷೆಗೆ ಕಳಿಸಿದರು.

ಈ ನಡುವೆ ಊರಿನವರ ಕಣ್ಣು ಬಿದ್ದದ್ದು ಪಾಪದ ಭಾವನ ಮೇಲೆ. ಕುಂಭಾಶಿಯಿಂದ ನೋಡಲು ಬಂದ ನಮ್ಮ ಸೋದರತ್ತೆ ನೇರವಾಗಿ ಕೇಳಿಯೇಬಿಟ್ಟರು: "ಹ್ವಾಯ್, ನೀವ್ ಗುಟ್ಟಲ್ಲಿ ಸೇದ್ತ್ರಿಯಾ? ಆ ಹೊಗೆ ಇವ್ಳಿಗ್ ತಾಗಿದ್ದಾ?"

ದೋಸೆ ಮಗುಚುತ್ತಿದ್ದ ಭಾವ ಸಟ್ಟುಗ ಕೈಯಲ್ಲಿ ಹಿಡಿದೇ ತಿರುಗಿದರು. "ಈ ಕಾವಲಿ ಹೊಗೆ ಬಿಟ್ರೆ ನಂಗೆ ಬೇರೆ ಹೊಗೆ ಗೊತ್ತಿಲ್ಲೆ ಮಾರಾಯ್ರೆ!"

ವರದಿ ಬಂದ ಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಅಕ್ಕನ ಗಡ್ಡೆಯ ಜೀನಿನಲ್ಲಿ ಆಗಿರುವ ಬದಲಾವಣೆಗೆ ದಿನಕ್ಕೊಂದು ಮಾತ್ರೆ ಇದೆ. ಅದಲ್ಲದೆ ಹುಟ್ಟಿನಿಂದಲೇ ಬಂದ ಒಂದು ಬದಲಾವಣೆ ರಕ್ತದಲ್ಲೂ ಇದೆ, ಬಹುಶಃ ತಾಯಿಯಿಂದ ಬಂದದ್ದು. ಅದು ಇದ್ದರೆ ಬೀಡಿ ಮುಟ್ಟದವರಿಗೂ ಈ ಕ್ಯಾನ್ಸರ್ ಬರಬಹುದು. ಇದ್ದವರಿಗೆಲ್ಲ ಬರುವುದಿಲ್ಲ, ಆದರೆ ಒಡಹುಟ್ಟಿದವರು ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ಅಣ್ಣನೂ ನಾನೂ ರಕ್ತ ಕೊಟ್ಟೆವು. ಅಣ್ಣನಿಗೆ ಇರಲಿಲ್ಲ. ನನಗಿತ್ತು.

ತನ್ನ ಕಾಯಿಲೆಗೆ ಅಳದ ಅಕ್ಕ ಅಂದು ಫೋನಿನಲ್ಲಿ ಬಿಕ್ಕಿದಳು. ಅವಳಿಗಿಂತ ನನಗೇ ಧೈರ್ಯ ಹೆಚ್ಚಿತ್ತು. ಗೊತ್ತಾದದ್ದೇ ಒಳ್ಳೆಯದಾಯಿತು ಎಂದು ನಿಜವಾಗಿಯೂ ಅನಿಸಿತ್ತು. ಅಬ್ಬಿಗೆ ಈ ಅವಕಾಶ ಸಿಕ್ಕಿರಲಿಲ್ಲ. ಸ್ವಲ್ಪ ಹೊತ್ತಿಗೆ ಅಕ್ಕ ಮೂಗು ಒರೆಸಿಕೊಂಡು ಹೇಳಿದಳು: "ಕಾಣ್, ಅಬ್ಬಿ ಬಳೆ ಎಲ್ಲ ಅಣ್ಣನ್ ಮನೆಗ್ ಹೋಯ್ತ್. ಹೆಣ್ಮಕ್ಳ್ ನಮ್ಗೆ ಸಿಕ್ಕಿದ್ ಇದೊಂದೇ. ಬಳೆಯೂ ಅವ್ನಿಗೆ, ಬಚಾವೂ ಅವ್ನೇ!" ಇಬ್ಬರೂ ಉಸಿರು ಕಟ್ಟುವಷ್ಟು ನಕ್ಕೆವು.

ಮಾತ್ರೆ ಶುರುವಾದ ಮೇಲೆ ಕೆಮ್ಮು ಇಳಿಯಿತು. ಮುಖದ ಮೇಲೆ ಗುಳ್ಳೆ ಎದ್ದವು, ಬಾಯಲ್ಲಿ ಹುಣ್ಣಾಯಿತು, ಕಣ್ಣಿನ ರೆಪ್ಪೆಗೂದಲು ಮಾತ್ರ ಉದ್ದುದ್ದ ಬೆಳೆಯತೊಡಗಿತು. ಕುಂದಾಪುರದ ಬಸ್ ಸ್ಟ್ಯಾಂಡಿನಲ್ಲಿ ಯಾರೋ ಕಾಲೇಜು ಹುಡುಗಿ, "ಆಂಟಿ, ರೆಪ್ಪೆಗೆ ಯಾವ ಬ್ರ್ಯಾಂಡು ಹಚ್ತೀರಿ?" ಎಂದು ಕೇಳಿದಳಂತೆ. ಅಕ್ಕ ಆ ಕಥೆಯನ್ನು ಹೋಟೆಲಿಗೆ ಬಂದವರಿಗೆಲ್ಲ ಹೇಳಿದಳು.

ಹೋದ ಸಲದ ಸ್ಕ್ಯಾನಿನಲ್ಲಿ ಅವಳ ಗಡ್ಡೆ ತುಂಬಾ ಕುಗ್ಗಿತ್ತು. ಪೂರ್ತಿ ಹೋಗಿಲ್ಲ, ಮಾತ್ರೆ ಯಾವಾಗಲಾದರೂ ಬದಲಿಸಬೇಕಾಗಬಹುದು ಎಂದು ಡಾಕ್ಟರು ಮುಚ್ಚಿಡದೆ ಹೇಳಿದ್ದಾರೆ. ನನ್ನ ಎದೆಯನ್ನು ವರ್ಷಕ್ಕೊಮ್ಮೆ ನೋಡುತ್ತಾರೆ. ಈವರೆಗೆ ಏನೂ ಇಲ್ಲ.

ಕಳೆದ ಭಾನುವಾರ ನಾನು ವಂಡ್ಸೆಗೆ ಹೋದಾಗ ಬಾಯಿಹುಣ್ಣು ವಾಸಿಯಾಗಿ, ಅವಳು ಎಷ್ಟೋ ಕಾಲದ ಮೇಲೆ ಖಾರದ ಕೋಳಿ ಸುಕ್ಕ ಮಾಡಿಕೊಂಡಿದ್ದಳು. ಮೊದಲ ತುತ್ತಿಗೆ ಅವಳ ಕಣ್ಣಲ್ಲಿ ನೀರು ಬಂತು. ನಾನು ನೀರಿನ ಲೋಟ ಮುಂದೆ ಚಾಚಿದೆ.

"ನೀರ್ ಬ್ಯಾಡ," ಅಂದಳು, "ಇನ್ನೊಂಚೂರ್ ಸುಕ್ಕ ಹಾಕ್."